ಚನ್ನಗಿರಿಯ ಚನ್ನಮ್ಮಾಜಿ
(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಮನೆಯ ಅಡಿಗೆಮನೆಯಲ್ಲಿ ಒಂದು ಸ್ಟೀಲಿನ ತಟ್ಟೆ ಇದೆ. ಅದರ ಅಂಚಿನಲ್ಲಿ ಪ್ರಥಮ ಬಹುಮಾನ ಎಂದು ಕೊರೆದ ಅಕ್ಷರಗಳು ಬೂದಿ ಹಾಕಿ ತಿಕ್ಕಿ ತಿಕ್ಕಿ ಅರ್ಧ ಸವೆದುಹೋಗಿವೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಭಾಷಣದ ಸ್ಪರ್ಧೆಯಲ್ಲಿ ಗೆದ್ದು ತಂದ ತಟ್ಟೆ ಅದು. ಅಂದು ನಾನು ಅವ್ವನ ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಟ್ಟಿನ ಕತ್ತಿಯನ್ನು ಎತ್ತಿ ಹಿಡಿದು, ಚನ್ನಗಿರಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದ ಚನ್ನಮ್ಮ ರಾಣಿಯು ಅದೇ ಕೋಟೆಯ ಬಾಗಿಲಲ್ಲಿ ನಿಂತು ಥ್ಯಾಕರೆ ಎಂಬ ಇಂಗ್ಲಿಷ್ ಕಲೆಕ್ಟರನನ್ನು ಕೊಲ್ಲಿಸಿದಳೆಂದು ಗಂಟಲು ಹರಿಯುವಂತೆ ಕೂಗಿ ಹೇಳಿದ್ದೆ. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ತೀರ್ಪುಗಾರರೂ ತಟ್ಟಿದರು. ತಪ್ಪೆಂದು ಹೇಳಿದವರು ಒಬ್ಬರೂ ಇರಲಿಲ್ಲ.

ನಮ್ಮದು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಬೇರೆಯವರ ಅಡಿಕೆ ತೋಟದಲ್ಲಿ ದುಡಿಯುತ್ತಾನೆ. ಕೊಯ್ಲಿನ ಕಾಲದಲ್ಲಿ ಅವ್ವನೂ ಅಜ್ಜಿಯೂ ರಾತ್ರಿಯ ತನಕ ಅಡಿಕೆ ಸುಲಿಯುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದ್ದರಿಂದ ನಾನು ಹೇಳಿದ ಇತಿಹಾಸವನ್ನು ತಿದ್ದುವವರು ಮನೆಯಲ್ಲಿಯೂ ಇರಲಿಲ್ಲ. ಪುಸ್ತಕ ಓದಿದ ಹುಡುಗಿ ಹೇಳಿದ ಮೇಲೆ ಅದು ಸತ್ಯವೇ ಇರಬೇಕೆಂದು ಅವರೆಲ್ಲ ನಂಬಿದರು. ಈಗ ಯೋಚಿಸಿದರೆ ನನ್ನನ್ನು ಹೆಚ್ಚಾಗಿ ನಾಚಿಸುವುದು ಆ ನಂಬಿಕೆಯೇ.

ನಿಜ ಹೊರಬಿದ್ದದ್ದು ಎರಡನೆಯ ವರ್ಷದ ಇತಿಹಾಸದ ತರಗತಿಯಲ್ಲಿ. ಕೆಳದಿಯ ಅರಸರ ಪಾಠ ನಡೆಯುತ್ತಿತ್ತು. ಅಧ್ಯಾಪಕರು ಕಪ್ಪು ಹಲಗೆಯ ಮೇಲೆ ಚನ್ನಮ್ಮಾಜಿ, 1672-1697 ಎಂದು ಬರೆದರು. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ ಎಂಬುದು ನನಗೆ ಬಾಯಿಪಾಠವಾಗಿತ್ತು. ನೋಟುಪುಸ್ತಕದ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿದೆ. 152 ಬಂತು. ಎರಡು ಸಲ ಮಾಡಿದರೂ ಅಷ್ಟೇ ಬಂತು. ಪಟ್ಟವೇರಿದ 152 ವರ್ಷಗಳ ಮೇಲೆ ಯಾವ ರಾಣಿಯೂ ಕತ್ತಿ ಹಿಡಿಯಲಾರಳಷ್ಟೆ!

ನನ್ನೊಬ್ಬಳದೇ ತಪ್ಪೋ ಎಂದು ಗೆಳತಿಯರನ್ನು ವಿಚಾರಿಸಿದೆ. ಹೊನ್ನಾಳಿಯಿಂದ ಬರುವವಳಿಗೆ ಗೊತ್ತಿದ್ದದ್ದು ಬಿ. ಸರೋಜಾದೇವಿಯವರು ಅಭಿನಯಿಸಿದ 1961ರ ಚಲನಚಿತ್ರದ ಚನ್ನಮ್ಮ ಮಾತ್ರ. ನ್ಯಾಮತಿಯವಳು, ಒಬ್ಬಳೇ ರಾಣಿಗೆ ಎರಡು ಊರುಗಳಲ್ಲಿ ಎರಡು ಅರಮನೆಗಳಿದ್ದುವೆಂದು ತಿಳಿದಿದ್ದಳು. ಜಗಳೂರಿನ ಗೆಳತಿ ಮಾತ್ರ ನಕ್ಕುಬಿಟ್ಟಳು. ಅವರದು ದುರ್ಗದ ಪಾಳೆಯಗಾರರ ಸೀಮೆ. ಅವರಿಗೆ ಇರುವುದು ಒಬ್ಬಳೇ ಓಬವ್ವ, ಒಂದೇ ಒನಕೆ, ಆದ್ದರಿಂದ ಗೊಂದಲಕ್ಕೆ ಎಡೆಯೇ ಇಲ್ಲವೆಂಬುದು ಅವಳ ಹೆಮ್ಮೆ. ಅಂತೂ ನಾಲ್ಕು ತಾಲ್ಲೂಕುಗಳ ನಾಲ್ವರಲ್ಲಿ ಮೂವರು ಇಬ್ಬರು ರಾಣಿಯರನ್ನು ಸೇರಿಸಿ ಒಬ್ಬಳನ್ನಾಗಿ ಮಾಡಿದ್ದೆವು. ಅಂದಿನಿಂದ ನಾನು ಗ್ರಂಥಾಲಯದಲ್ಲಿ ಕುಳಿತು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಚನ್ನ ಎಂದರೆ ಚೆಲುವು. ಚನ್ನಬಸವಣ್ಣನವರ ಕಾಲದಿಂದ ವೀರಶೈವರ ಮನೆಗಳಲ್ಲಿ ಗಂಡಿಗೂ ಹೆಣ್ಣಿಗೂ ಈ ಹೆಸರು ಎಡಬಿಡದೆ ಬಂದಿದೆ. ನಮ್ಮ ಅಜ್ಜಿಯ ಹೆಸರೂ ಚನ್ನಮ್ಮ. ಆಕೆಗೆ ಯಾವ ರಾಣಿಯ ನೆನಪಿಗಾಗಿಯೂ ಆ ಹೆಸರಿಟ್ಟದ್ದಲ್ಲ. ಹೊನ್ನಾಳಿಯ ಹಿರೇಕಲ್ಮಠದ ಚನ್ನಪ್ಪಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಕೂಸಾದ್ದರಿಂದ ಹಾಗೆ ಕರೆದರು. ಕೆಳದಿ, ಕಿತ್ತೂರು ಎರಡೂ ವೀರಶೈವ ಸಂಸ್ಥಾನಗಳಾದ್ದರಿಂದ ಎರಡು ಕಡೆಯೂ ಒಬ್ಬೊಬ್ಬ ಚನ್ನಮ್ಮ ಕಾಣಿಸಿಕೊಂಡದ್ದು ಆಶ್ಚರ್ಯವಲ್ಲ. ಇವರಿಬ್ಬರು ಸಾಲದೆಂಬಂತೆ ಗೇರುಸೊಪ್ಪೆಯಲ್ಲಿ ಚನ್ನಭೈರಾದೇವಿ ಎಂಬ ಜೈನ ರಾಣಿ ಇನ್ನೂ ಹಿಂದೆ, ಹದಿನಾರನೆಯ ಶತಮಾನದಲ್ಲಿ, ಆಳಿದಳು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದು ಆಕೆಯನ್ನು. ಆಕೆಯ ರಾಜ್ಯವನ್ನು ಕಿತ್ತುಕೊಂಡವನು ಕೆಳದಿಯ ವೆಂಕಟಪ್ಪನಾಯಕ. ಹೀಗೆ ಒಬ್ಬ ಚನ್ನೆಯ ಸೀಮೆಯು ಮುಂದೆ ಇನ್ನೊಬ್ಬ ಚನ್ನೆಯ ಕೈಗೆ ಬಂತು. ಮೆಣಸಿನ ರಾಣಿಯ ಬಿರುದನ್ನು ಕೆಲವರು ಕೆಳದಿಯ ಚನ್ನಮ್ಮಾಜಿಗೂ ಅಂಟಿಸಿಬಿಡುತ್ತಾರೆ. ತಪ್ಪು ಮಾಡುವುದರಲ್ಲಿ ನನಗೆ ಜೊತೆಗಾರರಿದ್ದಾರೆಂದು ಆಗ ಸ್ವಲ್ಪ ಸಮಾಧಾನವಾಯಿತು.

ಕೆಳದಿಯ ಮನೆತನ 1500ರ ಸುಮಾರಿನಲ್ಲಿ ಚೌಡಪ್ಪನಿಂದ ಆರಂಭವಾಯಿತು. ವಿಜಯನಗರದ ಅಧೀನದಲ್ಲಿ ಬೆಳೆದು, ಅದು ಅಳಿದ ಮೇಲೆ ತನ್ನ ಕಾಲಮೇಲೆ ನಿಂತಿತು. ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು. ಆ ಬಿದನೂರೇ ಹೊಸನಗರ ತಾಲ್ಲೂಕಿನ ಇಂದಿನ ನಗರ. ಈ ವಂಶದಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಶಿವಪ್ಪನಾಯಕನದು. 1645ರಿಂದ 1660ರ ವರೆಗೆ ಆಳಿ, ಭೂಮಿಯನ್ನು ಅಳೆಯಿಸಿ, ಫಲವತ್ತನ್ನು ನೋಡಿ ಕಂದಾಯ ಕಟ್ಟಿದ ಅವನ ಶಿಸ್ತು ಇಂದಿಗೂ ಮಲೆನಾಡಿನ ಬಾಯಲ್ಲಿದೆ. ನಮ್ಮ ಚನ್ನಮ್ಮಾಜಿ ಆ ಶಿವಪ್ಪನಾಯಕನ ಸೊಸೆ. ಆದರೆ ಆಕೆ ಮನೆ ತುಂಬಿದ್ದು ಮಾವ ತೀರಿಕೊಂಡು ಏಳು ವರ್ಷಗಳಾದ ಮೇಲೆ.

ಆಕೆ ರಾಜವಂಶದವಳಲ್ಲ, ಸಿದ್ದಪ್ಪಶೆಟ್ಟಿ ಎಂಬ ವರ್ತಕನ ಮಗಳು. ಶಿವಪ್ಪನಾಯಕನ ಎರಡನೆಯ ಮಗ ಸೋಮಶೇಖರನಾಯಕ ಪಟ್ಟಕ್ಕೆ ಬಂದ ಮೇಲೆ ಕೆಳದಿಯ ರಾಮೇಶ್ವರನ ಜಾತ್ರೆಯಲ್ಲಿ ಆಕೆಯನ್ನು ಕಂಡು ಮೆಚ್ಚಿದನೆಂದು ಹೇಳುತ್ತಾರೆ. ಅರಮನೆಯ ದೊಡ್ಡವರಿಗೆ ಶೆಟ್ಟರ ಮಗಳು ರಾಣಿಯಾಗುವುದು ಹಿಡಿಸಲಿಲ್ಲವಂತೆ. ಆದರೂ 1667ರಲ್ಲಿ ಮದುವೆ ನಡೆಯಿತು. ಅಂಗಡಿಯ ಲೆಕ್ಕದ ನಡುವೆ ಬೆಳೆದ ಹುಡುಗಿಗೆ ರಾಜ್ಯದ ಜಮಾಖರ್ಚು ಕಷ್ಟವಾಗಿರಲಾರದು ಎಂದು ನನ್ನ ಊಹೆ. ಆಳುವ ಮನೆಯಲ್ಲಿ ಹುಟ್ಟಿದವರಿಗಿಂತ ಹಣದ ಬೆಲೆ ಆಕೆಗೆ ಹೆಚ್ಚು ತಿಳಿದಿತ್ತೆಂಬುದು ಮುಂದೆ ಆಕೆ ನಡೆಸಿದ ಆಡಳಿತದಿಂದಲೇ ಕಾಣುತ್ತದೆ.

ಆದರೆ ಆ ದಾಂಪತ್ಯದ ಸುಖ ಬಹುದಿನ ಉಳಿಯಲಿಲ್ಲ. ಸೋಮಶೇಖರನಾಯಕ ಮೊದಲು ಒಳ್ಳೆಯ ಅರಸನೇ ಆಗಿದ್ದ. ಮುಂದೆ ಕಲಾವತಿ ಎಂಬ ನರ್ತಕಿಯ ಮೋಹದಲ್ಲಿ ಬಿದ್ದು, ಆಕೆಯ ಕಡೆಯವನಾದ ಭರಮೆ ಮಾವುತನ ಕೈಯಲ್ಲಿ ಸಿಕ್ಕಿ, ಮದ್ದು ಮಾಟಗಳಿಗೆ ಒಳಗಾಗಿ ಮತಿ ಕಳೆದುಕೊಂಡನೆಂದು ಪರಂಪರೆ ಹೇಳುತ್ತದೆ. ಅರಸರು ಕೆಟ್ಟಾಗಲೆಲ್ಲ ತಪ್ಪನ್ನು ಒಬ್ಬ ನರ್ತಕಿಯ ತಲೆಗೆ ಕಟ್ಟುವುದು ನಮ್ಮ ಚರಿತ್ರಕಾರರ ಹಳೆಯ ಅಭ್ಯಾಸ. ನಾನು ಅದನ್ನು ಪೂರ್ತಿಯಾಗಿ ನಂಬಲು ಒಲ್ಲೆ. ಅರಸನ ಬುದ್ಧಿ ಸ್ವಸ್ಥವಾಗಿರಲಿಲ್ಲ, ಅವನಿಗೆ ಮಕ್ಕಳಿರಲಿಲ್ಲ, ಬಿಜಾಪುರದ ಸುಲ್ತಾನನ ಕಣ್ಣು ಬಿದನೂರಿನ ಭಂಡಾರದ ಮೇಲಿತ್ತು: ಇಷ್ಟಂತೂ ಸ್ಪಷ್ಟ. ಕೊನೆಗೆ ಒಳಸಂಚಿನವರ ಕೈಯಲ್ಲಿ ಅರಸನ ಕೊಲೆಯಾಯಿತು. ಮದುವೆಯಾಗಿ ಐದು ವರ್ಷ ತುಂಬುವುದರೊಳಗೆ ಚನ್ನಮ್ಮಾಜಿ ವಿಧವೆಯಾದಳು.

ಆಗಿನ ಪರಿಸ್ಥಿತಿಯನ್ನು ಓದುಗರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಗಂಡ ಹತನಾಗಿದ್ದಾನೆ, ಮಕ್ಕಳಿಲ್ಲ, ತವರು ಬಡವರಲ್ಲದಿದ್ದರೂ ಸೈನ್ಯವುಳ್ಳ ತವರಲ್ಲ. ಮಂತ್ರಿಗಳಲ್ಲೂ ದಂಡನಾಯಕರಲ್ಲೂ ಕೆಲವರು ತಮ್ಮ ಮಾತು ಕೇಳುವ ಯಾರನ್ನಾದರೂ ಗದ್ದಿಗೆಗೆ ತರಲು ಓಡಾಡುತ್ತಿದ್ದರು. ಬಿಜಾಪುರದಿಂದ ಜನ್ನೋಪಂತನೆಂಬವನು ಸಂಧಾನದ ನೆಪದಲ್ಲಿ ಬಂದ, ಹಣ ಪಡೆದ, ಹಿಂದೆಯೇ ಸೈನ್ಯವೂ ಬಂತು. ಬಿದನೂರನ್ನು ಕಾಯುವುದು ಆಗದೆಂದು ಕಂಡಾಗ ಚನ್ನಮ್ಮಾಜಿ ಹಟ ಹಿಡಿದು ಅಲ್ಲಿಯೇ ಸಾಯಲಿಲ್ಲ. ಭಂಡಾರದಲ್ಲಿದ್ದ ಬೆಲೆಯುಳ್ಳ ವಸ್ತುಗಳನ್ನೂ ನಂಬಿಕೆಯ ಜನರನ್ನೂ ಕರೆದುಕೊಂಡು ಕಾಡಿನ ನಡುವಣ ಭುವನಗಿರಿ ದುರ್ಗವನ್ನು ಸೇರಿದಳು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಎಂದರೆ ಅದೇ. ಶತ್ರು ಬಿದನೂರಿನ ಬಾಗಿಲು ಮುರಿದು ಒಳಗೆ ಬಂದಾಗ ಅಲ್ಲಿ ದೋಚುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮಲೆನಾಡಿನ ಕಣಿವೆಗಳ ದಾರಿ ಅವರಿಗೆ ಗೊತ್ತಿರಲಿಲ್ಲ, ಆಕೆಯವರಿಗೆ ಗೊತ್ತಿತ್ತು. ಇಕ್ಕಟ್ಟಾದ ಕಾಡುಹಾದಿಯಲ್ಲಿ ಕೆಳದಿಯ ಪಡೆ ಮೇಲೆ ಬಿತ್ತು. ತಿಮ್ಮಣ್ಣನಾಯಕನಂಥ ಸೇನಾನಿಗಳು ಆಕೆಯ ಕಡೆ ನಿಂತರು. ಬಿದನೂರು ತಿರುಗಿ ಕೈಸೇರಿತು. 1672ರಲ್ಲಿ ಭುವನಗಿರಿಯಲ್ಲಿ ಪಟ್ಟವಾಯಿತು. ಗಂಡನನ್ನು ಕೊಂದವರಿಗೂ ಅವರೊಡನೆ ಸೇರಿದವರಿಗೂ ಶಿಕ್ಷೆಯಾಯಿತು.

ಭಾಷಣಗಳಲ್ಲಿ ನಾವು ಓಡಿಹೋಗುವುದನ್ನು ಹೇಳುವುದಿಲ್ಲ. ಸೆರಗು ಸಿಕ್ಕಿಸಿ ಕತ್ತಿ ಎತ್ತುವುದನ್ನೇ ಹೇಳುತ್ತೇವೆ. ನನಗೆ ಮಾತ್ರ ಈ ಜೀವನದಲ್ಲಿ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಆ ರಾತ್ರಿಯ ಪಲಾಯನವೇ. ನಮ್ಮ ಅಜ್ಜಿ ಇಪ್ಪತ್ತೆಂಟನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡಾಗ, ಇದ್ದ ಒಂದೂವರೆ ಎಕರೆಗೆ ಬೆರಳೊತ್ತಿಸಿಕೊಳ್ಳಲು ನೆಂಟರು ಕಾಗದ ಹಿಡಿದು ಬಂದರಂತೆ. ಅಜ್ಜಿ ಜಗಳವಾಡಲಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಜಮೀನಿನ ಪತ್ರಗಳನ್ನು ಅಕ್ಕಿಯ ಡಬ್ಬದಲ್ಲಿ ಹಾಕಿಕೊಂಡು, ತವರಿಗೆ ನಡೆದುಬಿಟ್ಟಳು. ಮಳೆ ಹಿಡಿದ ಮೇಲೆ ತನ್ನ ಅಣ್ಣನೊಡನೆ ಬಂದು ಬಿತ್ತನೆಗೆ ನಿಂತಳು. ಕವಲೇದುರ್ಗದ ಕತೆಯನ್ನು ನಾನು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು: ಆ ರಾಣಿಗೆ ಅಣ್ಣತಮ್ಮಂದಿರಿದ್ದರೇ ಎಂದು.

ಚನ್ನಮ್ಮಾಜಿಯ ಆಳ್ವಿಕೆ 25 ವರ್ಷ. ಇದರಲ್ಲಿ ಯುದ್ಧವಿಲ್ಲದ ಕಾಲ ಕಡಿಮೆ. ಹೆಂಗಸಿನ ರಾಜ್ಯವೆಂದು ನೆರೆಯ ಸೋದೆಯವರೂ ಇತರ ಪಾಳೆಯಗಾರರೂ ಗಡಿಯಲ್ಲಿ ಕೈಹಾಕಿ ನೋಡಿ ಹಿಂದಿರುಗಿದರು. ದಕ್ಷಿಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಸಾಮಾನ್ಯ ಅರಸರಲ್ಲ. ಹಾಸನ ಬೇಲೂರುಗಳ ಕಡೆಯ ಸೀಮೆಗಾಗಿ ಅವರಿಗೂ ಆಕೆಗೂ ಹಲವು ಸಲ ಕಾಳಗವಾಗಿ, ಒಮ್ಮೆ ಇವರದು ಮೇಲಾಗಿ ಒಮ್ಮೆ ಅವರದು ಮೇಲಾಗಿ, ಕೊನೆಗೆ ಸಂಧಿಯಾಯಿತು. ಪಶ್ಚಿಮದಲ್ಲಿ ಕಡಲು. ಅಲ್ಲಿ ಗೋವೆಯ ಪೋರ್ಚುಗೀಸರೊಡನೆ 1678ರಲ್ಲಿ ಒಪ್ಪಂದ ಮಾಡಿಕೊಂಡು ಅಕ್ಕಿ ಮೆಣಸುಗಳ ವ್ಯಾಪಾರವನ್ನು ಗೊತ್ತುಪಡಿಸಿದಳು. ಮಿರ್ಜಾನ, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಅವರ ಇಗರ್ಜಿಗಳಿಗೆ ಅನುಮತಿ ಕೊಟ್ಟಳು. ಘಟ್ಟದ ಕೆಳಗಿನ ಅಕ್ಕಿ ಗೋವೆಯ ಒಲೆಗೆ ಬೇಕು ಎಂಬುದನ್ನು ಶೆಟ್ಟರ ಮಗಳು ಮರೆತಿರಲಿಲ್ಲ. 1672ರಲ್ಲಿ ಬಿದನೂರಿಗೆ ನುಗ್ಗಿದ ಬಿಜಾಪುರದ ಶಾಹಿ ರಾಜ್ಯವನ್ನು 1686ರಲ್ಲಿ ಔರಂಗಜೇಬ ನುಂಗಿದ. ತನ್ನ ಹಳೆಯ ಶತ್ರುವಿನ ಅಂತ್ಯವನ್ನು ಆಕೆ ಗದ್ದಿಗೆಯ ಮೇಲೆ ಕುಳಿತೇ ನೋಡಿದಳು. ಆದರೆ ಅದರ ಜಾಗದಲ್ಲಿ ಬಂದು ನಿಂತದ್ದು ಅದಕ್ಕಿಂತ ಹತ್ತು ಪಾಲು ದೊಡ್ಡ ಶತ್ರು.

ರಾಜಾರಾಮನ ಪ್ರಸಂಗ ಬರುವುದು ಇಲ್ಲಿ. ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಮೊಗಲರು 1689ರ ಮಾರ್ಚಿಯಲ್ಲಿ ಕ್ರೂರವಾಗಿ ಕೊಂದರು. ಕಿರಿಯ ಮಗ ರಾಜಾರಾಮನಿಗೆ ಆಗ 19 ವರ್ಷ. ನನಗಿಂತ ಒಂದು ವರ್ಷ ಚಿಕ್ಕವನು. ಅವನು ವೇಷ ಮರೆಸಿಕೊಂಡು, ಕೆಲವೇ ಜನ ಸಂಗಡಿಗರೊಡನೆ, ದೂರದ ತಮಿಳು ಸೀಮೆಯ ಜಿಂಜಿ ಕೋಟೆಗೆ ಹೊರಟ. ದಾರಿಯಲ್ಲಿ ತುಂಗಭದ್ರೆ, ಹಿಂದೆ ಮೊಗಲರ ಕುದುರೆಗಳು. ಅವನು ದಾಟಿದ್ದು ನಮ್ಮೂರ ಹೊಳೆಯನ್ನೇ ಎಂದು ಹೊನ್ನಾಳಿಯ ಗೆಳತಿ ವಾದ ಮಾಡುತ್ತಾಳೆ. ನಾನು ಒಪ್ಪಿಲ್ಲ, ಅವಳೂ ಬಿಟ್ಟಿಲ್ಲ. ಅಂತೂ ಆ ಹುಡುಗ ಚನ್ನಮ್ಮಾಜಿಯ ಆಶ್ರಯ ಕೇಳಿದ.

ಆಶ್ರಯ ಕೊಡಬೇಡವೆನ್ನುವುದಕ್ಕೆ ಕಾರಣಗಳು ಬೇಕಾದಷ್ಟಿದ್ದುವು. ಬಿಜಾಪುರ, ಗೋಲಕೊಂಡಗಳೆರಡನ್ನೂ ನೆಲಸಮ ಮಾಡಿದ ಬಾದಶಹನನ್ನು ಎದುರು ಹಾಕಿಕೊಳ್ಳುವುದೆಂದರೆ ರಾಜ್ಯವನ್ನೇ ಪಣಕ್ಕೆ ಒಡ್ಡಿದಂತೆ. ಮಂತ್ರಿಗಳು ಅಂಜಿದರೆಂದು ಹೇಳುತ್ತಾರೆ. ಅಂಜಿದ್ದರೆ ಅದು ತಪ್ಪಲ್ಲ. ಚನ್ನಮ್ಮಾಜಿ ಮಾತ್ರ ಬಂದವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅವನನ್ನು ತನ್ನ ಸೀಮೆಯ ಒಳದಾರಿಗಳಿಂದ ಸಾಗಿಸಿ ಮುಂದಕ್ಕೆ ದಾಟಿಸಿದಳು. ಮೊಗಲರು ಅವನನ್ನು ಒಪ್ಪಿಸಬೇಕೆಂದು ಕೇಳಿದಾಗ ಅವನು ತನ್ನ ರಾಜ್ಯದಲ್ಲಿಲ್ಲವೆಂದು ಉತ್ತರ ಹೋಯಿತು. ಉತ್ತರ ಹೋಗುವ ಹೊತ್ತಿಗೆ ಅದು ನಿಜವೂ ಆಗಿತ್ತು! ಆ ವರ್ಷ ಮುಗಿಯುವುದರೊಳಗೆ ರಾಜಾರಾಮ ಜಿಂಜಿಯನ್ನು ಸೇರಿದ. ಆ ಕೋಟೆಯನ್ನು ಹಿಡಿಯಲು ಮೊಗಲರಿಗೆ 1698ರ ವರೆಗೆ ಬೇಕಾಯಿತು.

ಬಾದಶಹ ಸುಮ್ಮನಿರಲಿಲ್ಲ. ಜಾನ್‌ನಿಸಾರಖಾನ ಎಂಬ ಸರದಾರನ ಕೈಕೆಳಗೆ ಸೈನ್ಯ ಬಂತು. ಕೆಳದಿಯವರು ಮಳೆ ಕಾಡುಗಳನ್ನು ಬೆನ್ನಿಗಿಟ್ಟುಕೊಂಡು ಹೋರಾಡಿದರು. ಇದರ ಫಲದ ವಿಷಯದಲ್ಲಿ ಎರಡು ಕಡೆಯ ಬರಹಗಳು ಒಂದೇ ಮಾತು ಹೇಳುವುದಿಲ್ಲ. ಕೆಳದಿಯ ಚರಿತ್ರೆಯನ್ನು ಚಂಪೂ ಕಾವ್ಯವಾಗಿ ಬರೆದ ಲಿಂಗಣ್ಣ ಕವಿಯ ಕೆಳದಿನೃಪವಿಜಯದಲ್ಲಿ ಗೆಲುವು ರಾಣಿಯದು. ಮೊಗಲರ ಕಡೆಯ ಇತಿಹಾಸಗಳಲ್ಲಿ ರಾಣಿ ಅಲ್ಪಸ್ವಲ್ಪ ದಂಡ ತೆತ್ತು ಪಾರಾದಳೆಂದು ಇದೆ. ಆ ದಂಡ ತೆತ್ತದ್ದೇ ನಿಜವೆಂದು ಇಟ್ಟುಕೊಂಡರೂ ನನ್ನ ಗೌರವ ಕಡಿಮೆಯಾಗದು. ರಾಜ್ಯ ಉಳಿಯಿತು, ನಂಬಿ ಬಂದ ಹುಡುಗನ ತಲೆಯೂ ಉಳಿಯಿತು. ವರ್ತಕರ ಮಗಳಿಗೆ ಇಂಥ ಖರ್ಚನ್ನು ಯಾವ ಬಾಬಿನಲ್ಲಿ ಬರೆಯಬೇಕೆಂಬುದು ಗೊತ್ತಿತ್ತು. ಕೆಳದಿಯ ದೇವಾಲಯದ ಮುಂದಿನ ಧ್ವಜಸ್ತಂಭದ ಬುಡದಲ್ಲಿ ಕೆತ್ತಿರುವ ಮೂರ್ತಿಗಳಲ್ಲಿ ಚನ್ನಮ್ಮಾಜಿಯನ್ನೂ ರಾಜಾರಾಮನನ್ನೂ ಗುರುತಿಸುತ್ತಾರೆ. ಡಿಗ್ರಿ ಮುಗಿದ ಮೇಲೆ ಒಮ್ಮೆ ಹೋಗಿ ನೋಡಬೇಕೆಂದು ನನ್ನ ಆಸೆ.

ಇನ್ನು ನಮ್ಮ ಊರಿಗೆ ಬರೋಣ. ಕೆಳದಿ ರಾಜ್ಯದ ಪೂರ್ವದ ಅಂಚು ನಮ್ಮದು. ಬಸವಾಪಟ್ಟಣ, ಸಂತೆಬೆನ್ನೂರುಗಳ ಕಡೆ ಹಿಂದೆ ಪಾಳೆಯಗಾರರು ಆಳಿ, ಮೇಲೆ ಬಿಜಾಪುರದವರು ಬಂದಿದ್ದರು. ಸಂತೆಬೆನ್ನೂರಿನ ಹೊಂಡದ ಬಳಿ ಮುಸಾಫಿರಖಾನೆ ಇರುವುದು ಆ ಕಾಲದ ಗುರುತು. ಮಲೆನಾಡು ಮುಗಿದು ಬಯಲು ತೆರೆಯುವ ಇಂಥ ಜಾಗದಲ್ಲಿ ಒಂದು ಭದ್ರವಾದ ಠಾಣ್ಯ ಇರಬೇಕಾದದ್ದು ಸಹಜ. ಹುಲಿಕೆರೆ ಎಂಬ ಸ್ಥಳದ ಕೋಟೆಯನ್ನು ಬಲಪಡಿಸಿ ಅದಕ್ಕೆ ರಾಣಿಯ ಹೆಸರಿನಿಂದ ಚನ್ನಗಿರಿ ಎಂದು ಹೆಸರಾಯಿತೆಂದು ಹೇಳುತ್ತಾರೆ. ಊರ ಹೆಸರು ಆ ರಾಣಿಯಿಂದಲೇ ಬಂದದ್ದೆಂಬುದು ಎಲ್ಲರೂ ಒಪ್ಪಿದ ಮಾತು. ಬೆಟ್ಟದ ಮೇಲೆ ಇಂದಿಗೂ ಸುತ್ತುಗೋಡೆ, ಬುರುಜುಗಳು, ನಡುವೆ ರಂಗನಾಥಸ್ವಾಮಿಯ ಗುಡಿ ಇವೆ. ಶಿವಭಕ್ತೆಯಾದ ರಾಣಿಯ ಹೆಸರಿನ ಬೆಟ್ಟದಲ್ಲಿ ರಂಗನಾಥ ಪೂಜೆಗೊಳ್ಳುತ್ತಿದ್ದಾನೆ. ನಮ್ಮ ಜನ ಇಬ್ಬರಿಗೂ ಕೈ ಮುಗಿಯುತ್ತಾರೆ.

ಈ ಕೋಟೆ ಕಟ್ಟಿದ್ದು 1770ರಲ್ಲಿ ಎಂದು ಕೆಲವೆಡೆ ಅಚ್ಚಾಗಿರುವುದನ್ನು ನಾನು ನೋಡಿದ್ದೇನೆ. ಹಾಗಾದರೆ ಕೆಳದಿಯ ಚನ್ನಮ್ಮಾಜಿ ತೀರಿಕೊಂಡು 73 ವರ್ಷಗಳಾಗಿದ್ದುವು. ಹೈದರಾಲಿ ಬಿದನೂರನ್ನು ಹಿಡಿದು, ಕೊನೆಯ ರಾಣಿ ವೀರಮ್ಮಾಜಿಯನ್ನು ಸೆರೆಗೊಯ್ದು ಏಳು ವರ್ಷಗಳಾಗಿದ್ದುವು. ಕಿತ್ತೂರಿನ ಚನ್ನಮ್ಮ ಇನ್ನೂ ಹುಟ್ಟಿಯೇ ಇರಲಿಲ್ಲ! ಆ ತಾರೀಖಿನಂತೆ ನೋಡಿದರೆ ನಮ್ಮ ಕೋಟೆಯನ್ನು ಯಾವ ಚನ್ನಮ್ಮನೂ ಕಟ್ಟಿಸಿರಲಾರಳು. ಅಚ್ಚಾದದ್ದೆಲ್ಲ ಸತ್ಯವೆಂದು ತಿಳಿದಿದ್ದ ನಾನು ಕಾಲೇಜಿಗೆ ಬಂದು ಕಲಿತದ್ದರಲ್ಲಿ ಕಳೆಯುವ ಲೆಕ್ಕವೇ ಮುಖ್ಯವಾದದ್ದು ಎನ್ನಬಹುದು.

ಕಿತ್ತೂರಿನ ಚನ್ನಮ್ಮನ ಜೀವನವನ್ನು ಇಲ್ಲಿ ವಿಸ್ತರಿಸುವುದಿಲ್ಲ, ಎಲ್ಲರಿಗೂ ತಿಳಿದದ್ದೇ. ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ 1778ರಲ್ಲಿ ಹುಟ್ಟಿದಳು. ಕಿತ್ತೂರಿನ ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾದಳು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಮುಂದೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಆಕೆ ಕಣ್ಣು ಮುಚ್ಚಿದಳು. ಆಕೆಯ ಕೀರ್ತಿಗೆ ನನ್ನ ಈ ಲೇಖನದಿಂದ ಯಾವ ಕುಂದೂ ಬರಬೇಕಾದ್ದಿಲ್ಲ.

ಆದರೆ ಇಬ್ಬರ ಬಾಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ವಿಷಯ ನನ್ನನ್ನು ಬಹಳ ಕಾಡಿತು. ಇಬ್ಬರೂ ವಿಧವೆಯರು, ಇಬ್ಬರ ಮನೆಯಲ್ಲೂ ಉತ್ತರಾಧಿಕಾರಿಯಾಗಲು ಹೊಟ್ಟೆಯಲ್ಲಿ ಹುಟ್ಟಿದ ಮಗ ಉಳಿದಿರಲಿಲ್ಲ, ಎರಡು ಕಡೆಯೂ ದತ್ತಕದ ಮಾತು ಬಂತು. ಬಿದನೂರಿನ ಚನ್ನಮ್ಮಾಜಿ, ಮಾರ್ಕಪ್ಪಶೆಟ್ಟಿ ಎಂಬವನ ಮಗ ಬಸಪ್ಪನನ್ನು ದತ್ತು ತೆಗೆದುಕೊಂಡಳು. ಇಲ್ಲಿಯೂ ಶೆಟ್ಟರ ಹುಡುಗನೇ ಎಂಬುದನ್ನು ಗಮನಿಸಬೇಕು. ಅವನನ್ನು ಓದಿಸಿ, ರಾಜ್ಯದ ಕೆಲಸದಲ್ಲಿ ಪಳಗಿಸಿ, 1697ರಲ್ಲಿ ತಾನು ಕಣ್ಣು ಮುಚ್ಚುವಾಗ ಅವನ ಕೈಗೆ ರಾಜ್ಯ ಬರುವಂತೆ ಮಾಡಿದಳು. ಆ ಬಸಪ್ಪನಾಯಕ 1714ರ ವರೆಗೆ ಆಳಿದ್ದಲ್ಲದೆ, 1709ರಲ್ಲಿ ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ವಿಶ್ವಕೋಶದಂಥ ಗ್ರಂಥವನ್ನೇ ಬರೆದ. ದತ್ತು ಮಗನನ್ನು ತಂದ ತಾಯಿ ಎಷ್ಟು ಚೆನ್ನಾಗಿ ಆರಿಸಿದಳೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅನುಮತಿಗಾಗಿ ಆಕೆ ಹೊರಗಿನ ಯಾರ ಬಾಗಿಲಿಗೂ ಹೋಗಬೇಕಾಗಲಿಲ್ಲ.

ಕಿತ್ತೂರಿನಲ್ಲಿಯಾದರೋ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡ. ಚನ್ನಮ್ಮ ಆ ಹುಡುಗನ ಹಕ್ಕನ್ನು ಎತ್ತಿ ಹಿಡಿದಳು. ಧಾರವಾಡದ ಕಚೇರಿಯಲ್ಲಿ ಕುಳಿತ ಒಬ್ಬ ಅಧಿಕಾರಿ ಅದು ಸಲ್ಲದೆಂದ. ಖಜಾನೆಗೆ ಬೀಗಮುದ್ರೆ ಹಾಕಿಸಿದ. ಯುದ್ಧ ಹುಟ್ಟಿದ್ದು ಇದರಿಂದ. ಭಾಷಣಕಾರರು ಇದಕ್ಕೆ ಡಾಲ್‌ಹೌಸಿಯ ನೀತಿಯೇ ಕಾರಣವೆನ್ನುತ್ತಾರೆ. ಆದರೆ ಡಾಲ್‌ಹೌಸಿ ಗೌರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಅಂದರೆ 24 ವರ್ಷ ತಡವಾಗಿ. ಮತ್ತೆ ಅದೇ ಕಳೆಯುವ ಲೆಕ್ಕ. ಒಬ್ಬ ಚನ್ನಮ್ಮ ಮಾಡಿದ ಕೆಲಸವನ್ನೇ ಇನ್ನೊಬ್ಬ ಚನ್ನಮ್ಮನ ಮನೆಯಲ್ಲಿ ಮಾಡಿದರು. ಒಂದು ಕಡೆ ಅದರಿಂದ ಗ್ರಂಥ ಬರೆಯುವ ಅರಸ ದೊರೆತ. ಇನ್ನೊಂದು ಕಡೆ ಸೆರೆಮನೆ ದೊರೆಯಿತು. ನಡುವಿನ ಕಾಲದಲ್ಲಿ ನಾಡಿಗೆ ಆದದ್ದೇನೆಂಬುದು ನನಗೆ ಯಾವ ಪಾಠದಿಂದಲೂ ಇಷ್ಟು ಮನಸ್ಸಿಗೆ ಹತ್ತಿರಲಿಲ್ಲ. ಇಬ್ಬರನ್ನೂ ಕಲಸಿ ಒಬ್ಬಳನ್ನು ಮಾಡಿದಾಗ ನಾನು ಕಳೆದುಕೊಂಡದ್ದು ಇದನ್ನೇ.

ಕಿತ್ತೂರಿನ ಚನ್ನಮ್ಮನಿಗೆ ಉತ್ಸವವಿದೆ, ಚಿತ್ರವಿದೆ, ರೈಲಿದೆ, ಬೆಳಗಾವಿಯಲ್ಲಿ ವಿಶ್ವವಿದ್ಯಾನಿಲಯವಿದೆ, 2007ರಿಂದ ದೆಹಲಿಯ ಸಂಸತ್ತಿನ ಆವರಣದಲ್ಲಿ ಪ್ರತಿಮೆಯೂ ಇದೆ. ಇಂಗ್ಲಿಷರೊಡನೆ ಕಾದಿದವಳನ್ನು ಸ್ವತಂತ್ರ ಭಾರತ ಹೆಚ್ಚು ನೆನೆದರೆ ಅದು ನ್ಯಾಯವೇ. ಕೆಳದಿಯವಳನ್ನು ನೆನೆಯುವ ಒಂದು ಊರಾದರೂ ಇರಬೇಡವೆ? ಆ ಊರು ನಮ್ಮದು. ನಾವೇ ಆಕೆಯ ಕೋಟೆಯನ್ನು ಇನ್ನೊಬ್ಬಳ ಹೆಸರಿಗೆ ಬರೆದುಕೊಡುತ್ತಿದ್ದೇವೆ.

ಈ ವರ್ಷ ನಮ್ಮ ಸುತ್ತಿನ ಒಂದು ಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರ್ತಿಯಾಗಿ ಕರೆದಿದ್ದರು. ಬಿ. ಎ. ಓದುವವಳೆಂದು ಗೌರವದಿಂದ ಕುರ್ಚಿ ಹಾಕಿದರು. ಐದನೆಯವಳಾಗಿ ಒಬ್ಬ ಪುಟ್ಟ ಹುಡುಗಿ ಹಸಿರು ಸೀರೆಯುಟ್ಟು, ರಟ್ಟಿನ ಕತ್ತಿ ಹಿಡಿದು ಬಂದಳು. ಮೊದಲ ವಾಕ್ಯದಲ್ಲಿಯೇ ನನಗೆ ಮುಂದಿನದೆಲ್ಲ ತಿಳಿದುಹೋಯಿತು. ಬೆಟ್ಟ, ಕೋಟೆ, ಬಾಗಿಲು, ಥ್ಯಾಕರೆ. ಜನ ಚಪ್ಪಾಳೆ ತಟ್ಟಿದರು. ನಾನು ಆಕೆಗೆ ಎರಡನೆಯ ಸ್ಥಾನ ಕೊಟ್ಟೆ. ಮುಗಿದ ಮೇಲೆ ಅವಳು ಅಳುತ್ತ ಬಂದು ಯಾಕೆಂದು ಕೇಳಿದಳು. ಹೇಳಿದೆ. ನಿಮಗೆ ಹೇಗೆ ಗೊತ್ತೆಂದಳು. ನಾನೂ ಇದೇ ಭಾಷಣ ಮಾಡಿದ್ದೆನೆಂದೆ. ಬಹುಮಾನವನ್ನು ತಿರುಗಿ ಕೊಟ್ಟಿರಾ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಅಜ್ಜಿ ಅದೇ ತಟ್ಟೆಯಲ್ಲಿ ರೊಟ್ಟಿ ತಿನ್ನುತ್ತಿದ್ದಿರಬೇಕು.

ಮುಂದಿನ ಭಾನುವಾರ ಆ ಹುಡುಗಿಯನ್ನೂ ಅವಳ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಚನ್ನಗಿರಿಯ ಬೆಟ್ಟ ಹತ್ತಿದೆ. ರಂಗನಾಥನ ಗುಡಿಯ ಮುಂದೆ ತಂಪು ಹೊತ್ತಿನಲ್ಲಿ ಕುಳಿತು, ಪಡುವಣಕ್ಕೆ ಕೈ ತೋರಿಸಿ ಬಿದನೂರು ಆ ಕಡೆಗೆಂದೂ, ಬಡಗಣಕ್ಕೆ ತೋರಿಸಿ ಬಿಜಾಪುರದ ಸೈನ್ಯ ಬಂದದ್ದು ಆ ಕಡೆಯಿಂದೆಂದೂ, ತೆಂಕಣಕ್ಕೆ ತಿರುಗಿ ಮೈಸೂರಿನ ಒಡೆಯರು ಅತ್ತಲೆಂದೂ ಹೇಳಿದೆ. ಅವಳು ಬಹಳ ಹೊತ್ತು ನೋಡಿ, ಕಿತ್ತೂರು ಯಾವ ಕಡೆಗೆ ಎಂದು ಕೇಳಿದಳು. ವಾಯವ್ಯದ ಕಡೆ ಕೈ ತೋರಿಸಿದೆ. ತೋಟಗಳ ಆಚೆ ಮಬ್ಬು ಕವಿದಿತ್ತು, ಏನೂ ಕಾಣಲಿಲ್ಲ. ಅಷ್ಟು ದೂರವೇ ಎಂದು ಅವಳು ಬೆರಗಾದಳು. ಬಿಸಿಲೇರುವ ಮುಂಚೆ ಕೆಳಗಿಳಿದು ಬಂದೆವು.